ಮೌನಪ್ಪನನ್ನು ಕೆಳಗಿಳಿಸಿ

ಮುದಗಲ್ಲು, ಮಾಘ ಮಾಸ, ಕ್ರಿ.ಶ. 2213

ಇನ್ನೂರು ವರ್ಷ ಹಿಂದಿನವರೇ,

ಈ ಕಾಗದ ಬರೆಯುವ ಹಂಬಲ ನನಗಿರಲಿಲ್ಲ. ಹಿಂದಿನ ಕಾಲಕ್ಕೆ ಕಾಗದ ಕಳಿಸುವ ಯಂತ್ರ ಬಂದಿದೆಯೆಂದು ಹಾರುಗಾರರ ಸಂಘದವರು, "ನೀಲಗಂಗವ್ವಾರ, ಕಣ್ಣಾರೆ ಕಂಡಾವ್ರು ನೀವು, ನೀವ ಬರೀರಿ" ಎಂದು ಕೂರಿಸಿದ್ದಾರೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ನಮ್ಮ ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಕ್ಷಮಿಸದಿದ್ದರೂ ಪೂರ್ತಿ ಓದಿ.

ನಲವತ್ತು ವರ್ಷದಿಂದ ತೇಲುಬಂಡಿ ಓಡಿಸುತ್ತಿದ್ದೇನೆ. ಬಿಸಿಲು ಕುಡಿದು ಹಾರುವ ಸರಕಿನ ವಿಮಾನಕ್ಕೆ ನಾವು ಹಾಗೆನ್ನುತ್ತೇವೆ. ಇಲ್ಲಿಂದ ತೊಗರಿ, ಮೆಣಸಿನಕಾಯಿ ಒಯ್ದು ಕಾರವಾರದಿಂದ ಉಪ್ಪು, ಒಣಮೀನು ತರುತ್ತೇನೆ. ಬಂಡಿಯೊಳಗೆ ಸದಾ ಮೀನಿನ ವಾಸನೆ. ಹೊಸ ಸೀರೆ ಉಟ್ಟು ಹತ್ತುವ ಹಾಗಿಲ್ಲ. ನಿಮ್ಮ ಕಾಲದಲ್ಲಿ ನೆಲದ ಮೇಲೆ ಕೂತು ಆಕಾಶದ ದಾರಿ ಹೇಳುವವರಿದ್ದರಂತೆ. ನಮಗಿರುವುದು ಹೆಸರುಕೂಗು ಮಾತ್ರ. ಮೋಡದೊಳಗೆ ಹೋಗುವ ಮೊದಲು ರೇಡಿಯೊದಲ್ಲಿ "ಯಾರ್ರೀ ಎದುರಿಗೆ?" ಎಂದು ಕೂಗಬೇಕು. ಎದುರಿಗಿದ್ದವರು ಹೆಸರು, ಊರು, ಎತ್ತರ ಹೇಳಬೇಕು. ಉತ್ತರ ಬಾರದಿದ್ದರೆ ದಾರಿ ಖಾಲಿ ಎಂದರ್ಥ. ಮಾತು ಬಿಟ್ಟವರೂ ಅಲ್ಲಿ ಉತ್ತರ ಕೊಡುತ್ತಾರೆ. ಮನೆ ಪಾಲಾದಾಗಿನಿಂದ ನನ್ನ ಮುಖ ನೋಡದ ಮೈದುನ ಶರಣಬಸಪ್ಪ ಕೂಡ, "ಶರಣಬಸಪ್ಪ, ಲಿಂಗಸೂರು, ನಿನಗಿಂತ ಮ್ಯಾಲ ಅದೀನಿ" ಎನ್ನುತ್ತಾನೆ.

ಹೋದ ವಾರ ಮೊಮ್ಮಗಳು ಸುಗಂಧಿ ಚುಕ್ಕಾಣಿ ಹಿಡಿದಿದ್ದಳು, ನಾನು ಪಕ್ಕದಲ್ಲಿದ್ದೆ. ಮೋಡ ಎದುರಾಯಿತು. ಹುಡುಗಿ ತಪ್ಪದೆ ಮೂರು ಸಲ ಕೂಗಿದಳು. ಉತ್ತರವಿಲ್ಲ.

"ಯಾರೂ ಇಲ್ಲ ಬೇ ಆಯಿ" ಎಂದು ನುಗ್ಗಿದಳು.

ಮೋಡ ಹರಿದ ಕಡೆ ಬೆಳ್ಳನೆಯ ರೆಕ್ಕೆಯೊಂದು ಗೋಡೆಯ ಹಾಗೆ ಬಂತು. ಅವಳ ಕೈಮೇಲೆ ಕೈಯಿಟ್ಟು ಚುಕ್ಕಾಣಿ ಒತ್ತಿದೆ. ಬಂಡಿ ಕೆಳಗೆ ಬಿತ್ತು, ಅದು ನಮ್ಮ ತಲೆಯ ಮೇಲೆ ಹಾದುಹೋಯಿತು. ಅದರ ಹೊಟ್ಟೆಯ ಬಣ್ಣ ಕಿತ್ತದ್ದು ಕೂಡ ಕಂಡಿತು. ಉಪ್ಪಿನ ಚೀಲ ಒಡೆದು ಇಬ್ಬರೂ ಬೆಳ್ಳಗಾಗಿದ್ದೆವು.

"ಬಾಯಿ ಇಲ್ಲೇನ ಅದಕ್ಕ?" ಎಂದು ಹುಡುಗಿ ಅತ್ತಳು.

"ಅದರಾಗ ಮನಿಷಾನ ಇಲ್ಲವ್ವ" ಎಂದೆ.

ಅದು ನಿಮ್ಮದು. ಮಳೆಗಾಳಿ ನೋಡಲಿಕ್ಕೆಂದು ನೀವು ಆಳಿಲ್ಲದೆ ಮೇಲೆ ಕಳಿಸಿದ ವಿಮಾನ. ಬಿಸಿಲಿನ ಬಲದಿಂದ ಇನ್ನೂ ಸುತ್ತುತ್ತಲೇ ಇದೆ. ನಾವು ಅದನ್ನು ಮೌನಪ್ಪ ಎನ್ನುತ್ತೇವೆ. ನಮ್ಮ ಅಜ್ಜಂದಿರಿಗೆ ಚುಕ್ಕಿಯಷ್ಟು ಕಾಣುತ್ತಿತ್ತಂತೆ. ಬಿಸಿಲು ಕುಡಿಯುವ ರೆಕ್ಕೆ ಮಂಕಾದಂತೆಲ್ಲ ಕೆಳಗೆ ಕೆಳಗೆ ಬಂದು, ಈಗ ಮೊದಲ ಸಲ ನಮ್ಮ ದಾರಿಗೇ ಇಳಿದಿದೆ. ಹೊಡೆದು ಬೀಳಿಸಿ ಅನ್ನಬೇಡಿ, ಕೆಳಗೆ ಊರುಗಳಿವೆ. ಮೆಲ್ಲಗೆ ನೆಲಕ್ಕಿಳಿಸಲು ರೇಡಿಯೊದಲ್ಲಿ ಕಳಿಸಬೇಕಾದ ಗುಟ್ಟಿನ ಸಂಕೇತ ಅದನ್ನು ಮಾಡಿದವರಿಗೆ ಗೊತ್ತಿತ್ತು. ಅವರು ಹೇಳದೆ ಸತ್ತರು. ಹತ್ತಿಸುವಾಗಿನ ಉಮೇದು ಇಳಿಸುವಾಗ ಯಾರಿಗೂ ಇರುವುದಿಲ್ಲ. ನಿಮ್ಮನ್ನು ಬೈದು ಬೈದು ನನಗೂ ಸಾಕಾಗಿದೆ.

ಉಗಾದಿಯಿಂದ ಸುಗಂಧಿ ಒಬ್ಬಳೇ ಹಾರಬೇಕು. ನನ್ನ ಕಣ್ಣು ಮಂಜಾಗಿದೆ. ಕೈಮೇಲೆ ಕೈಯಿಡಲು ಪಕ್ಕದಲ್ಲಿ ನಾನಿರುವುದಿಲ್ಲ.

ಆ ಸಂಕೇತವನ್ನು ಕಲ್ಲಿಗೆ ಕೆತ್ತಿಸಿ ನಮ್ಮ ಕೋಟೆ ಬಾಗಿಲ ಬಳಿ ನಿಲ್ಲಿಸಿ. ಕಾಗದ, ಯಂತ್ರ ನಂಬಬೇಡಿ. ನೀವು ಬರೆದಿಟ್ಟದ್ದು ಯಾವುದೂ ನಮಗೆ ಸಿಕ್ಕಿಲ್ಲ. ನಿಮಗಿಂತ ಹಿಂದಿನ ಅರಸರ ಶಾಸನಗಳು ನೆಟ್ಟಗೆ ನಿಂತಿವೆ. ಈ ಬೆಳಿಗ್ಗೆ ಹೋಗಿ ನೋಡಿ ಬಂದೆ. ಕಲ್ಲಿಲ್ಲ. ಅಂದರೆ ನೀವಿನ್ನೂ ಕೆತ್ತಿಸಿಲ್ಲ. ಉಗಾದಿಯ ಹಿಂದಿನ ದಿನ ಮತ್ತೆ ಹೋಗುತ್ತೇನೆ. ಅಷ್ಟರೊಳಗೆ ಉತ್ತರ ಅಲ್ಲಿರಬೇಕು.