ಎಡಗಡೆಯ ಗಿಟಾರ್

೯ ಜುಲೈ ೧೯೯೭, ಬುಧವಾರ

ಮೂರು ದಿನದಿಂದ ಎಡಗಡೆ ಗಿಟಾರ್ ಕೇಳಿಸ್ತಿಲ್ಲ. ವಾಕ್‌ಮನ್ ಕೆಟ್ಟಿದೆ ಅಂತಲೇ ಅಂದ್ಕೊಂಡಿದ್ದೆ.

ಅದರಲ್ಲಿರೋ ಕ್ಯಾಸೆಟ್ಟು ಒಬ್ಬ ಇಂಗ್ಲಿಷ್ ರಾಕ್ ಗಾಯಕಂದು; ಅವನು ತನ್ನ ಬ್ಯಾಂಡ್ ಬಿಟ್ಟು ಒಬ್ಬನೇ ಮಾಡಿದ ಮೊದಲ ಎರಡು ಆಲ್ಬಂ ನಾನು ಕೇಳೋದೇ ಅವುಗಳಲ್ಲಿ ನುಡಿಸಿರೋ ಗಿಟಾರಿನವನಿಗೋಸ್ಕರ. ಒಂದೇ ಸೋಲೋನ ಎರಡು ಸಲ ನುಡಿಸಿ, ಒಂದನ್ನ ಬಲಗಿವಿಗೆ, ಇನ್ನೊಂದನ್ನ ಎಡಗಿವಿಗೆ ಕೊಟ್ಟಿದ್ದಾನೆ. ನಡುವೆ ಕೂದಲೆಳೆಯಷ್ಟು ವ್ಯತ್ಯಾಸ. ಹಾಡು ಉಸಿರಾಡೋದೇ ಅಲ್ಲಿ. ಚಿಕ್ಕ ವಯಸ್ಸಿಗೇ ಹೋಗ್ಬಿಟ್ಟ, ಪುಣ್ಯಾತ್ಮ.

ಸಂಜೆ ಜಯನಗರ ಕಾಂಪ್ಲೆಕ್ಸ್ ಹಿಂದಿನ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಚಕ್ರಪಾಣಿ ವಾಕ್‌ಮನ್ ಬಿಚ್ಚಿ, ಟೇಪು ಉಜ್ಜೋ ಹೆಡ್ ಒರೆಸಿ, ಹೆಡ್‌ಫೋನ್ ತಾನೇ ಹಾಕ್ಕೊಂಡು ತಲೆ ಆಡಿಸಿದ.

"ಎರಡೂ ಕಡೆ ಸಖತ್ತಾಗಿ ಬರ್ತಿದೆ ಗುರು! ಯಾರಪ್ಪಾ ಇವ್ನು, ಗಿಟಾರ್ ಹೊಡೀತಿರೋನು?"

ನಕ್ಕು ಎದ್ದು ಬಂದೆ.

ಜಯಾಗೆ ಹೇಳಿಲ್ಲ. ಹೆಂಡತಿಗೆ ಹೇಗೆ ಹೇಳೋದು ಇದನ್ನ? ಅವಳು ಮಲಗಿದ ಮೇಲೆ ಹೆಡ್‌ಫೋನ್ ತಿರುಗಿಸಿ ಹಾಕ್ಕೊಂಡೆ. ಎಡಗಡೆ ಗಿಟಾರ್ ಬಲಗಿವೀಲಿ ಬಂತು, ಒಂದು ಸ್ವರಾನೂ ಬಿಡದೆ. ಎಡಗಿವೀಲಿ ಏನೂ ಇಲ್ಲ.

ತೆಗೆದಿಟ್ಟು ಇದನ್ನ ಬರೀತಿದೀನಿ. ಜಯಾ ನನ್ನ ಎಡಕ್ಕೇ ಮಲಗೋದು. ಈಗ ಕಣ್ಣು ಬಿಟ್ಟು ನನ್ನೇ ನೋಡ್ತಿದಾಳೆ. ಪಿಸುಗುಡ್ತಿರಬೇಕು, ತುಟಿ ಮಾತ್ರ ಅಲ್ಲಾಡ್ತಿದೆ. ಏನಂತಿದಾಳೋ