ಅಪ್ಪ ಕೇಳಿದ ಜರಿ ಎಳೆ

ಸೂರತ್, ೧೨-೮-೯೮

ಮೊಳಕಾಲ್ಮೂರಿನ ನಮ್ಮ ವರಲಕ್ಷ್ಮಕ್ಕನಿಗೆ,

ಈ ಕಾರ್ಡು ಅಪ್ಪನ ಮುಂದೆ ಗಟ್ಟಿಯಾಗಿ ಓದಬೇಡ. ಕೆಲಸ ಜರಿ ಕಾರ್ಖಾನೆಯಲ್ಲೇ ಸಿಕ್ತು, ಆದ್ರೆ ಅಪ್ಪ ನೇಯ್ತಿದ್ದ ಜರಿಯಂಗೆ ಇಲ್ಲಿ ಬೆಳ್ಳಿನೇ ಇಲ್ಲ. ಪ್ಲಾಸ್ಟಿಕ್ ಹಾಳೆಗೆ ಅಲ್ಯೂಮಿನಿಯಂ ಹೊಗೆ ಹಿಡಿಸಿ, ಬಣ್ಣ ಕೊಟ್ಟು, ಎಳೆ ಎಳೆಯಾಗಿ ಸೀಳ್ತಾರೆ. ಅದಕ್ಕೂ ಮೊದಲು ಹಾಳೆ ಶುದ್ಧ ಆಗಲಿ ಅಂತ ದೊಡ್ಡ ಕಬ್ಬಿಣದ ಡ್ರಮ್ಮಿನೊಳಗೆ ಇಟ್ಟು, ಗಾಳಿ ಹೀರಿ, ಕರೆಂಟ್ ಬಿಡ್ತಾರೆ. ಗಾಜಿನ ಕಿಂಡಿಯಲ್ಲಿ ಇಣುಕಿದ್ರೆ ಒಳಗೆಲ್ಲ ನೇರಳೆ ಬೆಳಕು. ಬೆಂಕಿ ಇಲ್ಲ, ಸದ್ದೂ ಇಲ್ಲ, ಮಸಣದಂಗೆ ಐತೆ. ಅದರೊಳಗೆ ಚೂರೇ ಚೂರು ಗಾಳಿ ಬಿಡೋ ನಲ್ಲಿ ಹಿಡಿಯೋದೇ ನನ್ನ ಕೆಲಸ. ಒಂಚೂರು ತಿರುಗಿಸಿದ್ರೆ ಕರೆಂಟ್ ಮೀಟರಿನ ಮುಳ್ಳು ಮೇಲೆ ಏಳ್ತೈತೆ. ಜಾಸ್ತಿ ಬಿಟ್ರೆ ಚಟಚಟ ಕಿಡಿ ಹಾರಿ ಹಾಳೆ ತೂತು ಬೀಳ್ತೈತೆ. ಪೂರ್ತಿ ಕಟ್ಟಿದ್ರೆ ಬೆಳಕೇ ಸತ್ತುಹೋಗ್ತೈತೆ. ಮಗ್ಗದಲ್ಲಿ ಪಳಗಿದ ಕೈ, ಮುಳ್ಳು ಅಲ್ಲಾಡೋದಿಲ್ಲ ಅಂತ ಮೇಸ್ತ್ರಿ ಹೊಗಳ್ತಾನೆ. ಅಪ್ಪ ಕಲಿಸಿದ ಕೈ ಈ ನಕಲಿ ಜರಿಗೆ ಬಿತ್ತಲ್ಲ ಅನ್ನಿಸ್ತೈತೆ.

ಹೋದ ಕಾರ್ಡಲ್ಲಿ ಬರೆದಿದ್ದ ಜ್ವರ ಬಿಟ್ಟೈತೆ. ಇಲ್ಲಿ ಬೇಳೆಗೂ ಬೆಲ್ಲ ಹಾಕ್ತಾರೆ, ಊಟ ಸೇರ್ತಿಲ್ಲ.

ನೀನು ಮಾಡೋ ಜರಿ ಒಂದೆಳೆ ಕಳಿಸು ಅಂತ ಅಪ್ಪ ನನಗೆ ಹೇಳಿದ್ದನಲ್ಲ, ಕಾರ್ಡಿನ ಮೂಲೆಗೆ ಅಂಟಿಸಿದೀನಿ. ಅವನ ಕಣ್ಣು ಮಂಜು, ಬೆರಳಲ್ಲಿ ಸವರಿ ನೋಡ್ತಾನೆ. ಬೆಳ್ಳಿನಾ ಅಂತ ಕೇಳಿದ್ರೆ ಹೂಂ ಅನ್ನು. ಇದು ಸುಟ್ರೆ ಬೆಳ್ಳಿಯಂಗೆ ಉಳಿಯಲ್ಲ, ಕರಗಿ ಕಪ್ಪು ಉಂಡೆ ಆಗ್ತೈತೆ. ಹಳೇ ಅಭ್ಯಾಸಕ್ಕೆ ಅಪ್ಪ ತುದಿ ಸುಟ್ಟು ನೋಡ್ತೀನಿ ಅಂದ್ರೆ, ಬೆಂಕಿಪೊಟ್ಟಣ ಖಾಲಿ ಆಗೈತೆ ಅಂತ ಹೇಳಕ್ಕ.

ಜಾಗ ಮುಗೀತು.
ಚೌಡೇಶ