ಕುಂಡ ತಿರುಗಿಸುವವರಿಗೆ

ಪಿನ್ನರ್
ಜೂನ್ 12, 2025

ಸ್ಟ್ರಾಟ್‌ಫರ್ಡಿನ ಫ್ಲಾಟಿನಲ್ಲಿ ನೆಮ್ಮದಿ ಹುಡುಕುತ್ತಿರುವ ನನ್ನ ಯಜಮಾನರಾದ ಸದಾನಂದ ಅವರಿಗೆ, ಮೋಹಿನಿಯ ನಮಸ್ಕಾರ.

ನಿಮ್ಮ ಮೆಸೇಜು ತಲುಪಿತು. ಫೋನು ಮಾಡಿದರೆ ನನ್ನ ಒಂದು ಮಾತಿಗೆ ನಿಮ್ಮದು ಹತ್ತು ಬರುತ್ತದೆ. ಕಾಗದಕ್ಕೆ ಆ ತೊಂದರೆಯಿಲ್ಲ. ಓದಿ ಮುಗಿಸುವ ತನಕ ನೀವು ಬಾಯಿ ಮುಚ್ಚಿಕೊಂಡಿರಲೇಬೇಕು.

ಈ ಮನೆಯಲ್ಲಿ ಉಸಿರು ಕಟ್ಟುತ್ತದೆ ಎಂದು ದೀಪಾವಳಿ ಮುಗಿದದ್ದೇ ಸೂಟ್‌ಕೇಸ್ ಎಳೆದುಕೊಂಡು ಹೊರಟವರು ನೀವು. ಈಗ ವಾಪಸು ಬರಲೇ ಎಂದು ಕೇಳಿದ್ದೀರಿ. ಅದೂ ಯಾವಾಗ? ನಿಮ್ಮ ತಂಗಿ ವತ್ಸಲಾ ನಮ್ಮ ಬಳ್ಳಿಯ ಫೋಟೋ ಕಳಿಸಿದ ಮೇಲೆ. ನಾನು ತಂದ ಗಿಡ ಕಡೆಗೂ ಹೂ ಬಿಟ್ಟಿತು, ಬಂದು ನೋಡಿಕೊಳ್ಳುತ್ತೇನೆ ಅಂತ ಬರೆದಿದ್ದೀರಿ. ನನ್ನ ಆರೋಗ್ಯ ವಿಚಾರಿಸುವುದಕ್ಕೆ ಮೆಸೇಜಿನಲ್ಲಿ ಜಾಗ ಸಾಲಲಿಲ್ಲವೇನೋ.

ಉಡುಪಿಯಲ್ಲಿ ಹುಟ್ಟಿ ಮಲ್ಲಿಗೆ ಯಾವುದೆಂದು ಗೊತ್ತಿಲ್ಲದ ಗಂಡಸು ನೀವೊಬ್ಬರೇ ಇರಬೇಕು. ದಪ್ಪ ಎಲೆ, ಮೇಣದಲ್ಲಿ ಮಾಡಿದಂಥ ಹೂ, ಚಿವುಟಿದರೆ ಹಾಲು. ಕುಂಡದ ಚೀಟಿಯಲ್ಲಿ ಸ್ಟೆಫನೋಟಿಸ್ ಎಂದೇ ಇತ್ತು, ಮಡಗಾಸ್ಕರದ ಬಳ್ಳಿ. ನೀವು ಆ ಚೀಟಿ ಕಿತ್ತೆಸೆದು, ಬಂದವರಿಗೆಲ್ಲ ಶಂಕರಪುರ ಮಲ್ಲಿಗೆ ಎಂದು ತೋರಿಸಿದಿರಿ. ಪಕ್ಕದ ಬೀದಿಯ ಶ್ರೀಕಾಂತ್ ಅವರ ತಾಯಿ ಸುಮ್ಮನೆ ನಕ್ಕರು. ನೀವು ಅದನ್ನು ಮೆಚ್ಚುಗೆ ಎಂದುಕೊಂಡಿರಿ.

ಪ್ರತಿ ಭಾನುವಾರ ಕಾಫಿ ಲೋಟ ಹಿಡಿದು ಮನೆ ಹಿಂದಿನ ಗಾಜಿನ ಕೋಣೆಗೆ, ನಿಮ್ಮ ಕನ್ಸರ್ವೇಟರಿಗೆ, ಹೋಗಿ ಕುಂಡವನ್ನು ಅರ್ಧ ಸುತ್ತು ತಿರುಗಿಸುವುದು ನಿಮ್ಮ ವ್ರತ. ಎಲ್ಲ ಕಡೆಗೂ ಸಮನಾಗಿ ಬಿಸಿಲು ಬೀಳಬೇಕಂತೆ. ಮೊಗ್ಗು ಬರುತ್ತಿತ್ತು, ಹಳದಿಯಾಗಿ ಉದುರುತ್ತಿತ್ತು. ನೀರು ಹಾಕುವವಳು ನಾನಾದ್ದರಿಂದ ತಪ್ಪೂ ನನ್ನದೇ ಆಯಿತು. ಇವಳ ಕೈಗುಣ ಸಮ ಇಲ್ಲ ಮಾರಾಯ್ರೆ, ಎಂದು ಎಲ್ಲರ ಮುಂದೆ ನಗುತ್ತ ಹೇಳಿದಿರಿ.

ತಮಾಷೆ ಅಲ್ಲಿಗೇ ನಿಂತಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ವತ್ಸಲಾಳ ಮಗಳು ಜ್ಯೋತ್ಸ್ನಾಳ ಸೀಮಂತದ ದಿನ ಅವಳಿಗೆ ಹೂ ಮುಡಿಸಲು ಎದ್ದೆ. ಇವಳು ಬೇಡ, ಬೇರೆ ಯಾರಾದರೂ ಮುಡಿಸಲಿ ಎಂದವರು ನೀವೇ. ಮಕ್ಕಳಿಲ್ಲದ ಹೆಂಗಸಿಗೆ ಅಷ್ಟು ಜನರ ನಡುವೆ ಆ ಮಾತು ಎಲ್ಲಿ ತಾಗುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ನಿಮಗಿದ್ದರೆ ತಾನೇ. ನಾನು ಅಡಿಗೆಮನೆಗೆ ಹೋಗಿ ಗೋಳಿಬಜೆ ಕರಿದೆ. ನೀವು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದಿರಿ.

ನೀವು ಹೋದ ಮೇಲೆ ಆ ಕುಂಡವನ್ನು ಸಿಟ್ಟಿನಿಂದ ಮುಟ್ಟಲೇ ಇಲ್ಲ, ನೀರು ಮಾತ್ರ ಹಾಕಿದೆ. ಮೇ ತಿಂಗಳಲ್ಲಿ ಮೊಗ್ಗು ಬಂತು, ಒಂದೂ ಉದುರಲಿಲ್ಲ. ಆಶ್ಚರ್ಯವಾಗಿ ಯೂಟ್ಯೂಬಿನಲ್ಲಿ ಹುಡುಕಿದೆ. ಈ ಬಳ್ಳಿ ಮೊಗ್ಗು ಹಿಡಿದಾಗ ಕುಂಡ ತಿರುಗಿಸಲೇಬಾರದಂತೆ. ಬೆಳಕು ಬೀಳುವ ದಿಕ್ಕು ಬದಲಾದರೆ ಮೊಗ್ಗು ಚೆಲ್ಲಿಬಿಡುತ್ತದಂತೆ. ನೀವು ಎಲ್ಲ ಬಲ್ಲವರು, ಇಂಥದ್ದನ್ನೆಲ್ಲ ಹುಡುಕಿ ನೋಡುವ ಗತಿ ನಿಮಗೆ ಬರುವುದಿಲ್ಲ.

ಮೊನ್ನೆ ಜ್ಯೋತ್ಸ್ನಾ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಅತ್ತೆ, ಅವತ್ತಿನ ಹೂ ಇವತ್ತು ಮುಡಿಸಿ ಎಂದು ತಾನೇ ಬೆನ್ನು ತಿರುಗಿಸಿ ಕೂತಳು. ಮುಡಿಸಿದೆ. ಆ ಹುಡುಗಿಗಿರುವ ತಿಳಿವಳಿಕೆಯಲ್ಲಿ ಕಾಲು ಭಾಗ ಅವಳ ಮಾವನಿಗೆ ಇದ್ದಿದ್ದರೆ ನಾನು ಈ ಕಾಗದ ಬರೆಯಬೇಕಾಗಿರಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ಬರುವುದು ಬೇಡ. ನಿಮ್ಮ ಕೋಟು, ಬೂಟು, ಬಿ.ಪಿ. ನೋಡುವ ಮೆಷಿನ್ನು ಎಲ್ಲ ಪೆಟ್ಟಿಗೆಗೆ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಶನಿವಾರ ಬಂದು ಒಯ್ಯಿರಿ. ಬಳ್ಳಿ ಇಲ್ಲೇ ಇರುತ್ತದೆ.

ಇಷ್ಟೇ,
ಮೋಹಿನಿ

ಮರೆತ ಮಾತು: ಬರುವುದಿದ್ದರೆ ಬೆಳಿಗ್ಗೆಯೇ ಬಂದು ಹೋಗಿ. ಸಂಜೆಯಾದರೆ ಆ ಹೂವಿನ ಪರಿಮಳ ಮನೆಯೆಲ್ಲ ತುಂಬಿಕೊಳ್ಳುತ್ತದೆ. ಆಗ ನೀವು ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳಿದರೆ, ಬೇಡ ಎನ್ನುತ್ತೇನೆಂಬ ಧೈರ್ಯ ನನಗಿಲ್ಲ.